ಫೀಸು ಅಪ್ಪನದು, ಗುಟ್ಟು ಯಾರದು?

ಪ್ರಶ್ನೆ: ನನಗೆ 24 ವರ್ಷ. ರಾತ್ರಿ ನಿದ್ದೆ ಇಲ್ಲ, ಸುಮ್ನೆ ಕೂತಿದ್ದರೂ ಎದೆ ಡವಡವ ಅನ್ನುತ್ತಿತ್ತು. ಅಪ್ಪನೇ ನಮ್ಮೂರಿನ ಕೌನ್ಸೆಲರ್ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟಿದ್ದೇನೆ ಎಂದು ಅವರ ಮುಂದೆ ಹೇಳಿಕೊಂಡೆ. ಅದೇ ವಾರ ಅವರು ಅಪ್ಪನಿಗೆ ಫೋನ್ ಮಾಡಿ ಎಲ್ಲ ತಿಳಿಸಿದ್ದಾರೆ. ಕೇಳಿದರೆ, ‘ಫೀಸು ಕೊಡುವವರು ಅವರು ಅಲ್ವಾ?’ ಅನ್ನುತ್ತಾರೆ. ಇದು ಸರೀನಾ?
– ಓದುಗಳು, ದಾವಣಗೆರೆ

ಉತ್ತರ: ಸರಿಯಲ್ಲ. ನಿಮ್ಮ ಪತ್ರ ಓದಿ ನನಗೆ ಸಿಟ್ಟೇ ಬಂತು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ನಾನೂ ಇದೇ ಕೆಲಸ ಮಾಡುವವಳು. ಫೀಸು ಯಾರ ಜೇಬಿನಿಂದ ಬಂದರೂ, ಕುರ್ಚಿಯಲ್ಲಿ ಕೂತು ಬಾಯಿಬಿಟ್ಟವರು ನೀವು. ಆ ಮಾತು ನಿಮ್ಮದು.

2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಚಿಕಿತ್ಸೆ ಕೊಡುವವರಿಗೆ ತಿಳಿದ ವಿಷಯವೆಲ್ಲ ಗುಟ್ಟಾಗಿರಬೇಕು. ಕಂಪ್ಯೂಟರ್, ಮೊಬೈಲಿನಲ್ಲಿ ಇಟ್ಟ ಮಾಹಿತಿಯೂ ಇದರಲ್ಲಿ ಸೇರಿದೆ ಎಂದು 24ನೇ ಸೆಕ್ಷನ್ ಹೇಳುತ್ತದೆ. ಗುಟ್ಟು ಬಿಟ್ಟುಕೊಡಲು ಕೆಲವು ಸಂದರ್ಭಗಳಿವೆ: ಯಾರದಾದರೂ ಜೀವಕ್ಕೆ ಅಪಾಯ ಇದ್ದಾಗ, ಇನ್ನೊಬ್ಬರ ಮೇಲಾಗುವ ಹಿಂಸೆ ತಪ್ಪಿಸಬೇಕಾದಾಗ, ಕೋರ್ಟ್ ಆದೇಶ ಬಂದಾಗ, ಚಿಕಿತ್ಸೆಗಾಗಿ ಇನ್ನೊಬ್ಬ ವೈದ್ಯರಿಗೆ ತಿಳಿಸಬೇಕಾದಾಗ. ಇನ್ನೊಬ್ಬರನ್ನು ಕಾಪಾಡಲು ಹೇಳುವಾಗಲೂ ಬೇಕಾದಷ್ಟೇ ಹೇಳಬೇಕು, ಜಾಸ್ತಿ ಒಂದು ಮಾತೂ ಹೇಳುವಂತಿಲ್ಲ. ನೀವು ಯಾರನ್ನು ಇಷ್ಟಪಟ್ಟಿದ್ದೀರಿ ಎಂಬುದು ಇದರಲ್ಲಿ ಎಲ್ಲಿ ಬರುತ್ತದೆ?

‘ಅಪ್ಪ ನಿಮ್ಮ ನಾಮಿನಿ’, ಅಂದರೆ ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಪರವಾಗಿ ನಿಲ್ಲುವ ಪ್ರತಿನಿಧಿ, ಎಂದು ಯಾರಾದರೂ ವಾದ ಮಾಡಬಹುದು. ನೀವು ಯಾರನ್ನೂ ಹೆಸರಿಸದಿದ್ದರೆ ಕಾಯ್ದೆ ಮನೆಯವರ ಕಡೆ ನೋಡುವುದು ನಿಜ. ಆದರೆ ಅವರಿಗೂ ಸಿಗುವುದು ಆ ಜವಾಬ್ದಾರಿಗೆ ಬೇಕಾದ ಮಾಹಿತಿ ಮಾತ್ರ. ಅಲ್ಲದೆ, ನಂಬಿಕೆಯ ಗೆಳತಿಯನ್ನೇ ಪ್ರತಿನಿಧಿ ಮಾಡಿಕೊಳ್ಳುವ ಹಕ್ಕು ನಿಮಗಿದೆ. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು. ಗೆಳತಿಗೆ 18 ತುಂಬಿರಬೇಕು, ಆಕೆ ಒಪ್ಪಿರಬೇಕು.

ನನ್ನ ಕೋಣೆಯಲ್ಲಿ ಮೊದಲ ದಿನ, ಫೈಲ್ ತೆರೆಯುವ ಮೊದಲೇ, ಅಪ್ಪ ಮಗಳು ಇಬ್ಬರನ್ನೂ ಕೂರಿಸಿ ಹೇಳುತ್ತೇನೆ: ‘ರಸೀದಿ ನಿಮಗೆ ಕೊಡ್ತೀನಿ ಯಜಮಾನ್ರೇ, ಒಳಗಿನ ಮಾತು ಕೊಡಲ್ಲ. ಪ್ರಾಣಕ್ಕೆ ಅಪಾಯ ಅಂತ ಅನ್ನಿಸಿದರೆ ನಾನೇ ಬಾಗಿಲು ತೆಗೆದು ನಿಮ್ಮನ್ನ ಕರೀತೀನಿ, ಅದೂ ಇವಳಿಗೆ ಹೇಳಿಯೇ.’ ಕೆಲವು ಅಪ್ಪಂದಿರು ಮುಖ ಗಂಟು ಹಾಕುತ್ತಾರೆ. ಹಾಕಲಿ. ಈ ಮಾತು ಮೊದಲೇ ಆಗದಿದ್ದರೆ ಮಗಳು ಒಳಗೆ ಬಂದು ಏನನ್ನು ನಂಬಿ ಬಾಯಿ ಬಿಡಬೇಕು?

ಈಗ ನೀವು ಮಾಡಬೇಕಾದದ್ದು. ಮೊದಲು ನಿಮ್ಮ ಸುರಕ್ಷತೆ. ಮನೆಯಲ್ಲಿ ಹೊಡೆತ, ಕೂಡಿಹಾಕುವುದು, ಬಲವಂತದ ಮದುವೆಯ ಮಾತು ಬಂದಿದ್ದರೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ದೂರು ಆಮೇಲೆ.

ದೂರು ಕೊಡುವ ಮುಂಚೆ ಆ ಕೌನ್ಸೆಲರ್ ಯಾರು ಎಂದು ತಿಳಿದುಕೊಳ್ಳಿ. ಮನೋವೈದ್ಯರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಕೊಟ್ಟ ನೋಂದಣಿ ಸಂಖ್ಯೆ ಇರಬೇಕು. ಕೇಳಿ, ಸಂಕೋಚ ಬೇಡ. ಇವೆರಡೂ ಇಲ್ಲದೆ, ಒಂದು ಸಣ್ಣ ಕೋರ್ಸಿನ ಸರ್ಟಿಫಿಕೇಟ್ ಗೋಡೆಗೆ ಹಾಕಿಕೊಂಡವರೂ ‘ಕೌನ್ಸೆಲರ್’ ಎಂಬ ಬೋರ್ಡಿನ ಕೆಳಗೆ ಕೂತಿರುತ್ತಾರೆ. ಅಂಥವರನ್ನು 2017ರ ಕಾಯ್ದೆಯಡಿ ಹಿಡಿಯುವುದು ಕಷ್ಟ. ಫೀಸು ತೆಗೆದುಕೊಂಡು ಕೊಟ್ಟ ಸೇವೆಯಲ್ಲಿ ಲೋಪ ಎಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಇಷ್ಟು ನಾಜೂಕಿನ ಕೆಲಸಕ್ಕೆ ಇಷ್ಟು ಸಡಿಲ ಬೇಲಿ ಇರಬಾರದು ಎಂದು ನಾನು ಹೋದಲ್ಲೆಲ್ಲ ಹೇಳುತ್ತಲೇ ಇದ್ದೇನೆ.

ಎದೆ ಡವಡವ ಇನ್ನೂ ಇದ್ದರೆ ಚಿಕಿತ್ಸೆ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನನ್ನ ಥೆರಪಿಸ್ಟ್ ತುಂಬ ಒಳ್ಳೆಯವರು. ಈಚೆಗೆ ಅವರು ನಡೆಸುವ ಚೀಟಿಗೆ ನನ್ನನ್ನೂ ಸೇರಿಸಿಕೊಂಡಿದ್ದಾರೆ. ಹೆಂಡತಿಗೆ ಇಷ್ಟವಿಲ್ಲ.
– ಓದುಗರು, ಮೈಸೂರು

ಉತ್ತರ: ನಿಮ್ಮ ಹೆಂಡತಿ ಹೇಳುವುದೇ ಸರಿ. ನಾಳೆ ಚೀಟಿ ಹಣ ತಡವಾದರೆ, ಆ ಕೋಪವನ್ನು ಯಾರ ಮುಂದೆ ಹೇಳಿಕೊಳ್ಳುತ್ತೀರಿ? ನಿಮ್ಮ ಭಯ, ಸಾಲ, ಮನೆಯ ಜಗಳ ಎಲ್ಲ ಗೊತ್ತಿರುವ ಮನುಷ್ಯ ಹಣ ಕೇಳಿದಾಗ ‘ಬೇಡ’ ಅನ್ನುವುದು ಸುಲಭವಲ್ಲ. ಅದಕ್ಕೇ ಈ ವೃತ್ತಿಯಲ್ಲಿ ಚೀಟಿ, ಸಾಲ, ಪ್ರೇಮ, ವ್ಯಾಪಾರ ಯಾವುದೂ ಕೂಡದು. ಚೀಟಿಯಿಂದ ಹೊರಬನ್ನಿ, ಥೆರಪಿಸ್ಟ್‌ರನ್ನೂ ಬದಲಾಯಿಸಿ.

ಪ್ರಶ್ನೆ: ನಾನು ಶಾಲೆಯೊಂದರ ಆಪ್ತಸಮಾಲೋಚಕಿ. 13 ವರ್ಷದ ಹುಡುಗಿ, ಮನೆಯಲ್ಲಿರುವ ಬಂಧುವೊಬ್ಬ ಮೈಮುಟ್ಟುತ್ತಾನೆ ಎಂದು ಹೇಳಿ, ‘ಯಾರಿಗೂ ಹೇಳಬೇಡಿ ಮಿಸ್’ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಶಾಲೆಯವರು ‘ಹೆಸರು ಕೆಡುತ್ತೆ, ಸುಮ್ಮನಿರಿ’ ಅನ್ನುತ್ತಾರೆ.
– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಸುಮ್ಮನಿರುವಂತಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಶಾಲೆಯ ಮುಖ್ಯಸ್ಥರು ಬೇಡ ಎಂದರು ಎಂಬುದು ನಿಮ್ಮನ್ನು ಉಳಿಸುವುದಿಲ್ಲ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ ಎಂದೂ ಅದೇ ಸೆಕ್ಷನ್ ಹೇಳುತ್ತದೆ.

ಕಷ್ಟ ಇರುವುದು ಆ ಆಣೆಯಲ್ಲಿ. ಮಗುವಿಗೆ ಗೊತ್ತಾಗದ ಹಾಗೆ ಠಾಣೆಗೆ ಹೋಗಬೇಡಿ. ಇವತ್ತೇ ಅವಳ ಪಕ್ಕ ಕೂತು ಹೇಳಿ: ‘ನೀನು ಹೇಳಿದ್ದು ನಂಬ್ತೀನಿ. ನಿಂದೇನೂ ತಪ್ಪಿಲ್ಲ. ಇದನ್ನ ನಿಲ್ಲಿಸೋಕೆ ಇನ್ನೂ ಒಬ್ಬಿಬ್ಬರಿಗೆ ಹೇಳಲೇಬೇಕು. ಎಲ್ಲರಿಗೂ ಹೇಳಲ್ಲ.’ ಅಳುತ್ತಾಳೆ, ನಿಮ್ಮ ಮೇಲೆ ಕೋಪ ಮಾಡಿಕೊಳ್ಳಬಹುದು. ಅಲ್ಲೇ ಕೂತಿರಿ. ಎಲ್ಲಿ, ಹೇಗೆ, ಎಷ್ಟು ಸಲ ಎಂದು ಮತ್ತೆ ಮತ್ತೆ ಕೆದಕಬೇಡಿ. ಅವಳು ಹೇಳಿದ್ದನ್ನು ಅವಳದೇ ಮಾತಲ್ಲಿ ಬರೆದು, ದಿನಾಂಕ ಹಾಕಿ, ಬೀಗದೊಳಗೆ ಇಡಿ. ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಲೇಬೇಡಿ.

ಪೊಲೀಸರೆಂದರೆ ಅವಳಿಗೆ ಭಯ ಇರುತ್ತದೆ. ಹೇಳಿಕೆ ಪಡೆಯುವವರು ಯೂನಿಫಾರ್ಮ್‌ನಲ್ಲಿ ಬರುವಂತಿಲ್ಲ, ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ಹೇಳಿಕೆಯನ್ನು ಅವಳಿಗೆ ಇಷ್ಟವಾದ ಜಾಗದಲ್ಲಿ, ಅವಳು ನಂಬುವವರ ಎದುರಿಗೆ ಪಡೆಯಬೇಕು. ಆ ‘ನಂಬುವವರು’ ನೀವೇ ಆಗಬಹುದು. ಆರೋಪಿ ಅದೇ ಮನೆಯಲ್ಲಿದ್ದಾನೆ ಎಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಿ. ಹಾಗೆ ತಿಳಿಸಿದರೆ ಅವಳನ್ನು ಎಲ್ಲಿ ಇರಿಸಬೇಕು ಎಂಬುದನ್ನು ಮಕ್ಕಳ ಕಲ್ಯಾಣ ಸಮಿತಿ ನೋಡುತ್ತದೆ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ 1098ಕ್ಕೆ ಫೋನ್ ಮಾಡಿ. ಶಾಲೆಯ ಗಂಟೆ ಬಾರಿಸಿ ಅವಳು ಮನೆಗೆ ಹೋಗುವುದರೊಳಗೆ ಮಾಡಿ.