ಹೆಂಚಿನ ಭಟ್ಟಿಯ ಅತಿಥಿಯ ಪರವಾಗಿ

ಪತ್ರ: "ನಿಮ್ಮ ಮಕ್ಕಳ ಪುಟದ ಧಾರಾವಾಹಿಯಲ್ಲಿ, ಮುಚ್ಚಿದ ಹೆಂಚಿನ ಕಾರ್ಖಾನೆಯ ಭಟ್ಟಿಯಲ್ಲಿ ಅಡಗಿರುವ ಬೇರೆ ಲೋಕದ ಜೀವಿಯ ಜತೆ ಇಬ್ಬರು ಮಕ್ಕಳು ಸ್ನೇಹ ಬೆಳೆಸುತ್ತಾರೆ. ಊರಿಗೆ ಊರೇ ಹೆದರಿ ದೂರ ಇರುವಾಗ ಮಕ್ಕಳು ಹತ್ತಿರ ಹೋಗುವುದು ಸರಿಯೇ? ಅಪರಿಚಿತರ ಬಳಿ ಸುಳಿಯಬೇಡಿ ಎಂದು ಮನೆಯಲ್ಲಿ ನಾವು ಹೇಳಿದರೆ ನೀವು ಉಲ್ಟಾ ಕಲಿಸುತ್ತೀರಿ. ಪಂಜೆಯವರ ಹಾಡುಗಳಂಥ ಶುದ್ಧ ಸಾಹಿತ್ಯ ಕೊಡಿ."
– ತಾಯಿಯೊಬ್ಬರು, ಉಡುಪಿ

ಸಂಪಾದಕರ ಉತ್ತರ:

ನಿಮ್ಮ ಆತಂಕ ಸುಳ್ಳಲ್ಲ ಅಮ್ಮಾ. ಮಗುವಿಗೆ 1098 ಸಹಾಯವಾಣಿ ಬಾಯಿಪಾಠ ಇರಲಿ, ಗುರುತಿಲ್ಲದವರು ಕರೆದರೆ ಹೋಗಬಾರದೆಂದೂ ಗೊತ್ತಿರಲಿ. ಅದರಲ್ಲಿ ತಕರಾರಿಲ್ಲ.

ಆದರೆ ಪಂಜೆಯವರನ್ನು ಎಳೆದು ತಂದಿರಲ್ಲ, ಅಲ್ಲಿ ಸಿಕ್ಕಿಬಿದ್ದಿರಿ. ಬಂಟ್ವಾಳದ ಆ ಮೇಷ್ಟ್ರು ಮಕ್ಕಳ ಬಾಯಲ್ಲಿ ಬಾ ಬಾ ಎಂದು ಕರೆಸಿದ್ದು ಯಾರನ್ನು? ಗುಬ್ಬಚ್ಚಿಯನ್ನಲ್ಲ, ನಾಗರಹಾವನ್ನು. ಕೈಮುಗಿದು, ಹಾಲಿನ ಆಸೆ ತೋರಿಸಿ ಕರೆದ ಅದೇ ಹಾವಿಗೆ ಹಾಡು ಮುಗಿಯುವಾಗ ಪೋ ಪೋ ಎಂದೂ ಹೇಳಿಸುತ್ತಾರೆ. (ಹಾವು ಹಾಲು ಕುಡಿಯುವ ಪ್ರಾಣಿಯಲ್ಲ ಎಂಬ ಪಾಠ ಇನ್ನೊಂದು ದಿನಕ್ಕಿರಲಿ.) ಭಯವನ್ನು ಮುಚ್ಚಿಟ್ಟು ಬರೆದವರಲ್ಲ ಪಂಜೆ.

ನಮ್ಮ ಕಥೆಯ ಮಕ್ಕಳು ಮಾಡಿದ್ದೇನೆಂದು ಇನ್ನೊಮ್ಮೆ ಓದಿ. ಮೊದಲ ದಿನ ಕಾರ್ಖಾನೆಯ ಗೇಟಿನ ಹೊರಗೇ ನಿಂತರು. ಮರುದಿನ ಅದೇ ಹೊತ್ತಿಗೆ, ಅದೇ ಬಣ್ಣದ ಅಂಗಿ ಹಾಕಿ, ಹತ್ತು ಹೆಜ್ಜೆ ಮಾತ್ರ ಮುಂದೆ. ಜೀವಿ ಸರಿದು ಮರೆಯಾದರೆ ಇವರೂ ವಾಪಸು. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ, ತಿಂಡಿ ಎಸೆಯಲಿಲ್ಲ, ವಾಚ್‌ಮನ್ ಅಜ್ಜನಿಗೆ ಮೊದಲೇ ಹೇಳಿದ್ದರು. ಕಾಡುಪ್ರಾಣಿಗಳ ನಡುವೆ ಕೆಲಸ ಮಾಡುವವರ ಕ್ರಮವೇ ಇದು. 1960ರಲ್ಲಿ ಜೇನ್ ಗುಡಾಲ್ ಚಿಂಪಾಂಜಿಗಳ ಅಧ್ಯಯನಕ್ಕೆಂದು ಟಾಂಜಾನಿಯಾದ ಗೊಂಬೆ ಕಾಡಿಗೆ ಹೋದಾಗ ಅವು ಅವರನ್ನು ಕಂಡು ತಿಂಗಳುಗಟ್ಟಲೆ ಓಡುತ್ತಿದ್ದವು. ಒಂದು ಗಂಡು ಹೆದರಿಕೆ ಬಿಟ್ಟಮೇಲೆ ಉಳಿದವೂ ಸಡಿಲಾದವು. ಮುಂದೆ ಬಾಳೆಹಣ್ಣು ಹಂಚಲು ತೊಡಗಿದಾಗ ಶಿಬಿರದ ಸುತ್ತ ಕಾದಾಟ ಹೆಚ್ಚಿತು. ತಿಂಡಿ ಬೇಡ ಎಂದು ನಮ್ಮ ಲೇಖಕರಿಗೆ ಹೇಳಿದ್ದು ಅದಕ್ಕೇ.

ಮೂರನೇ ಕಂತಿನಲ್ಲಿ ಹುಡುಗಿ ಹೆಂಚಿನ ಚೂರಿನಿಂದ ಭಟ್ಟಿಯ ಗೋಡೆ ಬಡಿಯುತ್ತಾಳೆ: ಎರಡು, ಮೂರು, ಐದು, ಏಳು. ನಿಲ್ಲಿಸುತ್ತಾಳೆ. ಸುಮಾರು ಹೊತ್ತಿನ ಮೇಲೆ ಒಳಗಿನಿಂದ ಹನ್ನೊಂದು ಪೆಟ್ಟು. ಅವಿಭಾಜ್ಯ ಸಂಖ್ಯೆಗಳ ಈ ಸಾಲು ಮಾಡಿನ ಹನಿಯಿಂದಲೋ ಗಾಳಿಗೆ ಬಡಿಯುವ ಬಾಗಿಲಿನಿಂದಲೋ ಹುಟ್ಟುವಂಥದ್ದಲ್ಲ. ಆ ಕಡೆ ಲೆಕ್ಕ ಬಲ್ಲವರಿದ್ದಾರೆ ಎಂದು ಹುಡುಗಿಗೆ ಗೊತ್ತಾಯಿತು. ಆದರೂ ಒಳಗೆ ಕಾಲಿಡಲಿಲ್ಲ, ಗಮನಿಸಿ.

ನಮಗೆ ಬರುವ ಕಥೆಗಳು ಹೆಚ್ಚಾಗಿ ಎಡವುವುದು ಇಲ್ಲೇ. ಎರಡನೇ ಪುಟಕ್ಕೆ ಜೀವಿ ಗ್ರಂಥಸ್ಥ ಕನ್ನಡ ಮಾತಾಡುತ್ತದೆ, ಮೂರನೆಯದರಲ್ಲಿ ನೀರುದೋಸೆ ತಿಂದು ಹೊಗಳುತ್ತದೆ. ಪ್ರೋಟೀನು ಕಟ್ಟುವ ಅಮೈನೋ ಆಮ್ಲಗಳಿಗೆ ನಮ್ಮ ಎಡಗೈ ಬಲಗೈಯಂತೆ ಒಂದಕ್ಕೊಂದು ಕನ್ನಡಿಬಿಂಬವಾದ ಎರಡು ಮಾದರಿ; ಭೂಮಿಯ ಜೀವಿಗಳ ಪ್ರೋಟೀನು ಎಡಗೈ ಮಾದರಿಯವುಗಳಿಂದ ಕಟ್ಟಿದ್ದು. ಬಂದವನ ಮೈ ಬಲಗೈ ಮಾದರಿಯದಾದರೆ ನಮ್ಮ ಪ್ರೋಟೀನು ಅವನ ಮೈಗೆ ಹತ್ತುವುದಿಲ್ಲ. ಇನ್ನು ಕೆಲವು ಕಥೆಗಳಲ್ಲಿ ಮೂವತ್ತಡಿಯ ಮನುಷ್ಯಾಕೃತಿ ಓಡಿ ಬರುತ್ತದೆ. ಸರಿ, ಅದರ ಮೊಣಕಾಲಿನ ಗತಿ? ಎತ್ತರ ಐದು ಪಟ್ಟಾದರೆ ತೂಕ 125 ಪಟ್ಟು, ಹೊರುವ ಎಲುಬಿನ ಅಡ್ಡಕೊಯ್ತ 25 ಪಟ್ಟು ಮಾತ್ರ. ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲು ಮುರಿಯುತ್ತದೆ.

ಭಯವನ್ನು ಅಳೆದು ಬಡಿಸುವುದನ್ನು ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದಿಂದ, ಅಂದರೆ ರಾಕ್ಷಸ ಪಾತ್ರದಿಂದ, ಕಲಿಯಬೇಕು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳಿನಂತೆ ಎದ್ದು ನಿಲ್ಲುವ ಚಿಟ್ಟಿಗಳನ್ನು ಒಂದೊಂದಾಗಿ ಇಡಲು ಗಂಟೆಗಟ್ಟಲೆ ಬೇಕು. ವೇಷ ಕಟ್ಟುವ ಚೌಕಿಯಲ್ಲಿ ಕೂತು ಮಕ್ಕಳು ಅದನ್ನೆಲ್ಲ ನೋಡಿರುತ್ತಾರೆ. ಆದರೂ ರಂಗಸ್ಥಳದಲ್ಲಿ ತೆರೆಯ ಹಿಂದಿನಿಂದ ಅಬ್ಬರ ಕೇಳಿ, ಕಿರೀಟದ ಅಂಚು ಕಂಡು, ಕಡೆಗೆ ಮುಖ ಕಾಣುವಾಗ ಅಮ್ಮನ ಸೆರಗು ಹಿಡಿಯುತ್ತಾರೆ. ಮನೆಗೆ ಹೋಗುವ ಎಂದು ಮಾತ್ರ ಹೇಳುವುದಿಲ್ಲ. ಆಟಕ್ಕೆ ಕರೆದುಕೊಂಡು ಹೋಗುವ ನೀವು ಕಥೆಗೆ ಯಾಕೆ ಹೆದರುತ್ತೀರಿ?

ಅಪರಿಚಿತರನ್ನು ಮಾತಾಡಿಸುವ ಕೆಲಸ ಕನ್ನಡದಲ್ಲಿ ಆಗಲೇ ಆಗಿಹೋಗಿದೆ ಮಾರಾಯ್ರೆ. 1977ರಲ್ಲಿ ಹಾರಿದ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲೂ, ಬೇರೆ ಲೋಕದವರಿಗೆ ಸಿಕ್ಕರೆ ಇರಲಿ ಎಂದು, ಚಿನ್ನದ ಲೇಪದ ತಾಮ್ರದ ಧ್ವನಿಮುದ್ರಿಕೆ ಇದೆ. ಅದರಲ್ಲಿರುವ 55 ಭಾಷೆಗಳ ಶುಭಾಶಯದಲ್ಲಿ ಕನ್ನಡದ್ದೂ ಒಂದು: "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಹಾಡಿದ ಭೈರವಿ ರಾಗವೂ ಇದೆ. ನುಡಿಸುವ ಮುಳ್ಳನ್ನು ಜೊತೆಗೇ ಕಳಿಸಿದ್ದಾರೆ. ಎಷ್ಟು ವೇಗದಲ್ಲಿ ತಿರುಗಿಸಬೇಕೆಂದು ಹೊದಿಕೆಯ ಮೇಲೆ ಹೈಡ್ರೋಜನ್ ಪರಮಾಣುವಿನ ಕಾಲಮಾನದಲ್ಲಿ ಕೊರೆದಿದ್ದಾರೆ, ನಮ್ಮ ಸೆಕೆಂಡು ಅವರಿಗೇನು ಗೊತ್ತು? ಎದುರಿನವರಿಗೆ ಏನು ತಿಳಿದಿರಬಹುದು ಎಂಬಲ್ಲಿಂದ ಶುರುಮಾಡುವ ಈ ಶಿಸ್ತು ಮಕ್ಕಳಿಗೆ ಬೇಡವೇ?

ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು ಮಕ್ಕಳ ವಿಶ್ವಕೋಶ ಬಾಲಪ್ರಪಂಚದ ಮೂರು ಸಂಪುಟ ಕಟ್ಟಿದ ಸೀಮೆ ಇದು. ಈಗ ಕಥಾಸ್ಪರ್ಧೆ ಎಂದರೆ ಕೊನೆಗೊಂದು ನೀತಿ ಕಡ್ಡಾಯ, ವಿಜ್ಞಾನ ಮೇಳ ಎಂದರೆ ಅಡಿಗೆ ಸೋಡಾ–ವಿನೆಗರಿನ ಅದೇ ಜ್ವಾಲಾಮುಖಿ. ಜಾಹೀರಾತು ಬಂದರೆ ಮೊದಲು ಕತ್ತರಿ ಬೀಳುವುದು ಮಕ್ಕಳ ಪುಟಕ್ಕೆ. ಬೇಸಿಗೆ ಶಿಬಿರದಲ್ಲಿ ರೋಬೊ ಕಿಟ್ ಜೋಡಿಸಲು ಸಾವಿರಾರು ರೂಪಾಯಿ ಕಟ್ಟುವ ಪೋಷಕರೇ ಕಥೆಯ ರೋಬೊ ಸ್ವಲ್ಪ ಗದರಿದರೆ ಪತ್ರ ಬರೆಯುತ್ತಾರೆ!

ನೀವು ಹಾಗಲ್ಲ, ನಾಲ್ಕೂ ಕಂತು ಓದಿದ ಮೇಲೆಯೇ ಬರೆದಿರುವುದು ಪತ್ರದಲ್ಲೇ ಕಾಣುತ್ತದೆ. ಮುಂದಿನ ಕಂತಿನಲ್ಲಿ ಜೀವಿ ಪಕ್ಕದ ಮನೆಯ ಕೋಳಿ ಕೊಲ್ಲುತ್ತದೆ, ಮಕ್ಕಳು ಎರಡು ವಾರ ಆ ಕಡೆ ತಲೆಹಾಕುವುದಿಲ್ಲ. ಕೋಳಿಯನ್ನು ತೆಗೆಯುವುದಿಲ್ಲ, ಈಗಲೇ ಹೇಳಿದ್ದೇನೆ.