ಮೆಗ್ಗರ್ ರೀಡಿಂಗ್ ಇಳಿದರೆ ಮೋಟರ್ ಕೆಟ್ಟಿತೆಂದೇ?

ಪ್ರಶ್ನೆ: ನಾನು ಅಕ್ಕಿ ಗಿರಣಿಯೊಂದರಲ್ಲಿ ಎಲೆಕ್ಟ್ರಿಷಿಯನ್. 415 ವೋಲ್ಟಿನ, 20 ಎಚ್‌ಪಿ ಮೋಟರನ್ನು ತಂತಿಯ ಹೊದಿಕೆಯ (ಇನ್ಸುಲೇಷನ್ನಿನ) ರೋಧ ಅಳೆಯುವ 500 ವೋಲ್ಟ್ ಮೆಗ್ಗರಿನಿಂದ ಅಳೆದಾಗ, ಜನವರಿಯಲ್ಲಿ ವೈಂಡಿಂಗಿಗೂ (ಒಳಗಿನ ತಾಮ್ರದ ತಂತಿಯ ಸುರುಳಿ) ಬಾಡಿಗೂ ನಡುವೆ 160 ಮೆಗಾಓಮ್ ಬಂದಿತ್ತು. ಮೇ ತಿಂಗಳಲ್ಲಿ ಬಂದದ್ದು 22. ಮೊದಲನೆಯದನ್ನು ಬೆಳಿಗ್ಗೆ ಮೋಟರ್ ಓಡಿಸುವ ಮುನ್ನ, ಎರಡನೆಯದನ್ನು ನಿಲ್ಲಿಸಿದ ಕೂಡಲೇ ಅಳೆದಿದ್ದೆ. ರಿಜಿಸ್ಟರ್ ನೋಡಿದ ಮಾಲೀಕರು ರಿವೈಂಡಿಂಗಿಗೆ, ಅಂದರೆ ಸುರುಳಿಯನ್ನು ಹೊಸದಾಗಿ ಸುತ್ತಿಸಲು, ಕಳುಹಿಸಲು ಹೇಳುತ್ತಿದ್ದಾರೆ. ಕಳುಹಿಸಬೇಕೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಸದ್ಯಕ್ಕೆ ಬೇಡ. ತಾಮ್ರ ಬಿಸಿಯಾದರೆ ಅದರ ರೋಧ ಹೆಚ್ಚುತ್ತದೆ. ಇನ್ಸುಲೇಷನ್ನಿನದು ಇದಕ್ಕೆ ತದ್ವಿರುದ್ಧ. ವೈಂಡಿಂಗಿನ ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ಇನ್ಸುಲೇಷನ್ನಿನ ರೋಧ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬ ಲೆಕ್ಕ ರೂಢಿಯಲ್ಲಿದ್ದು, ಎಲ್ಲ ರೀಡಿಂಗುಗಳನ್ನೂ 40 ಡಿಗ್ರಿಗೆ ಪರಿವರ್ತಿಸಿದ ಮೇಲೆಯೇ ಹೋಲಿಸಬೇಕು. ಜನವರಿಯಲ್ಲಿ ವೈಂಡಿಂಗ್ 30 ಡಿಗ್ರಿಯಲ್ಲಿತ್ತು, ಮೇ ತಿಂಗಳಲ್ಲಿ 60ರಲ್ಲಿತ್ತು ಎಂದು ಊಹಿಸಿದರೆ, 160 ಎಂಬುದು 80 ಆಗುತ್ತದೆ, 22 ಎಂಬುದು 88 ಆಗುತ್ತದೆ. ಅಂದರೆ ಮೋಟರ್ ಹೆಚ್ಚುಕಡಿಮೆ ಇದ್ದಲ್ಲಿಯೇ ಇದೆ. ಒಂದು ಸಾವಿರ ವೋಲ್ಟಿಗಿಂತ ಕಡಿಮೆಯ ಮೋಟರುಗಳಿಗೆ ಎಲೆಕ್ಟ್ರಿಕಲ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇಯ 43ನೇ ಮಾನದಂಡ ಹೇಳುವ ಕನಿಷ್ಠ ಮಿತಿ, 40 ಡಿಗ್ರಿಯಲ್ಲಿ, 5 ಮೆಗಾಓಮ್.

ಆದರೆ ಉಷ್ಣತೆಯನ್ನು ನಾನು ಊಹಿಸಬೇಕಾಗಿ ಬಂದದ್ದೇ ನಿಮ್ಮ ರಿಜಿಸ್ಟರಿನ ಕೊರತೆ. ರೀಡಿಂಗಿನ ಪಕ್ಕದಲ್ಲಿ ವೈಂಡಿಂಗಿನ ಉಷ್ಣತೆ, ಪರೀಕ್ಷೆಯ ವೋಲ್ಟೇಜ್, ಮೆಗ್ಗರಿನ ಸೀರಿಯಲ್ ನಂಬರ್, ಹವೆಯ ತೇವ ಇವನ್ನೂ ಬರೆಯಿರಿ. ಕೇಬಲ್ ಬಿಚ್ಚಿ ಅಳೆದಿರೋ ಇಲ್ಲವೋ ಎಂಬುದು ಅನೇಕರು ಬಿಡುವ ವಿವರ. ಬಿಚ್ಚದಿದ್ದರೆ ಮುಳ್ಳು ತೋರಿಸುವುದು ಮೋಟರ್ ಮತ್ತು ಕೇಬಲ್ ಎರಡರ ಒಟ್ಟು ಸ್ಥಿತಿಯನ್ನು. ವೋಲ್ಟೇಜ್ ಕೊಟ್ಟ ನಂತರ ರೀಡಿಂಗ್ ನಿಧಾನವಾಗಿ ಏರುತ್ತಾ ಹೋಗುವುದರಿಂದ, ಪ್ರತಿ ಸಲವೂ ಸರಿಯಾಗಿ ಒಂದು ನಿಮಿಷಕ್ಕೆ ಬಂದದ್ದನ್ನೇ ಬರೆಯಬೇಕು. ಕೇವಲ ‘ಓಕೆ’ ಎಂದು ಬರೆದಿಡುವ ರಿಜಿಸ್ಟರುಗಳನ್ನು ಬಹಳ ಕಂಡಿದ್ದೇನೆ. ಅವುಗಳಿಂದ ಏನನ್ನೂ ಹೋಲಿಸಲಾಗದು. ಅಳೆದ ಮೇಲೆ, ವೈಂಡಿಂಗಿನಲ್ಲಿ ಉಳಿದ ಚಾರ್ಜ್ ಹರಿದುಹೋಗಲು, ಕನಿಷ್ಠ ನಾಲ್ಕು ನಿಮಿಷ ಅದನ್ನು ಅರ್ಥ್ ಮಾಡಿಡಿ.

ಗಿರಣಿಯಲ್ಲಿ ತೌಡಿನ ಧೂಳು ವೈಂಡಿಂಗಿಗೆ ಮೆತ್ತಿಕೊಂಡು ಮಳೆಗಾಲದಲ್ಲಿ ತೇವ ಹೀರುತ್ತದೆ. ಆಗಸ್ಟಿನಲ್ಲಿ ಇನ್ನೊಮ್ಮೆ ಅಳೆಯಿರಿ. 40 ಡಿಗ್ರಿಗೆ ಪರಿವರ್ತಿಸಿದ ಬೆಲೆ 20ರ ಸುಮಾರಿಗೆ ಕುಸಿದಿದ್ದರೆ, ಅದು ಮಿತಿಗಿಂತ ಮೇಲಿದ್ದರೂ, ಧೂಳು ತೆಗೆದು, ಬಿಸಿಗಾಳಿಯಿಂದ ಒಣಗಿಸಿ ಮತ್ತೆ ಅಳೆಯಿರಿ. ಆಗಲೂ ಏರದಿದ್ದರೆ ಮಾಲೀಕರ ಮಾತನ್ನು ಪರಿಗಣಿಸಬಹುದು.