ಕಾಸ್‌ಪ್ಲೇ ಡಾಕ್ಯುಮೆಂಟರಿಗೆ ಏನು ಕೇಳಬೇಕು? ಭುಜದ ಮೇಲಿನ ಸುಟ್ಟ ಕಲೆಯಿಂದ ಶುರು ಮಾಡಿ

ನೀವು ಕೇಳಿದ್ದು ಇಷ್ಟು: ಕಾಲೇಜಿಗೆ ಹತ್ತು ನಿಮಿಷದ ಡಾಕ್ಯುಮೆಂಟರಿ, ವಿಷಯ ಕಾಸ್‌ಪ್ಲೇ (ಗೇಮ್, ಕಾಮಿಕ್ಸ್, ಸಿನಿಮಾ ಪಾತ್ರಗಳ ವೇಷ ಹಾಕುವ ಹವ್ಯಾಸ), ಇಪ್ಪತ್ತೈದು ಪ್ರಶ್ನೆ ಬರೆದಿಟ್ಟಿದ್ದೀರಿ, ಇನ್ನೂ ಬೇಕಾ ಅಂತ. ಬೇಡ. ಈಗಲೇ ಜಾಸ್ತಿ ಆಯಿತು. ಮೊದಲನೆಯದು "ಕಾಸ್‌ಪ್ಲೇ ಎಂದರೇನು?" ಅಂತ ಇದೆಯಲ್ಲ, ಅದನ್ನು ಮೊದಲು ಹೊಡೆದುಹಾಕಿ.

ನಾನು ಕಾಸರಗೋಡಿನವನು. ಡಿಗ್ರಿಯ ಕೊನೆಯ ವರ್ಷ ಇದೇ ವಿಷಯದ ಮೇಲೆ ಒಂದು ಸಣ್ಣ ಚಿತ್ರ ಮಾಡಿದ್ದೆ. ಐದು ಜನರನ್ನು ಮಾತಾಡಿಸಿದೆ, ಐವರಿಗೂ ಇದೇ ಪ್ರಶ್ನೆ ಹಾಕಿದೆ, ಐವರೂ "ಕಾಸ್ಟ್ಯೂಮ್ ಮತ್ತು ಪ್ಲೇ ಸೇರಿದರೆ ಕಾಸ್‌ಪ್ಲೇ" ಅಂತ ಒಂದೇ ಪಾಠ ಒಪ್ಪಿಸಿದರು. ಎಡಿಟಿಂಗ್‌ಗೆ ಕೂತಾಗ ಅಳು ಬರೋದೊಂದು ಬಾಕಿ. ಅದೆಲ್ಲ ನೀವೇ ಓದಿಕೊಂಡು ಹೋಗಬೇಕಾದ್ದು. ಆ ಪದ ಬಂದದ್ದು 1980ರ ದಶಕದ ಜಪಾನಿನಿಂದ, ಅಲ್ಲಿನ ಪತ್ರಕರ್ತ ನೊಬುಯುಕಿ ತಕಹಾಶಿ ಬಳಕೆಗೆ ತಂದದ್ದು. ವೇಷ ಹಾಕುವ ರೂಢಿ ಅದಕ್ಕಿಂತ ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವರ್ಲ್ಡ್‌ಕಾನ್‌ಗೆ, ಅಂದರೆ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಸಮಾವೇಶಕ್ಕೆ, ಫಾರೆಸ್ಟ್ ಆಕರ್ಮನ್, ಮಿರ್ಟಲ್ ಡಗ್ಲಸ್ ಅನ್ನುವ ಇಬ್ಬರು ಅಭಿಮಾನಿಗಳು ಮುಂದಿನ ಕಾಲದ ಜನರ ಹಾಗೆ ಉಡುಪು ತೊಟ್ಟು ಹೋಗಿದ್ದರು. ಇಬ್ಬರದನ್ನೂ ಹೊಲಿದವಳು ಡಗ್ಲಸ್, ಹೆಸರು ಜಾಸ್ತಿ ಬಂದದ್ದು ಆಕರ್ಮನ್‌ಗೆ. ನನಗೆ ಇದರಿಂದಲೇ ಒಂದು ಒಳ್ಳೆ ಪ್ರಶ್ನೆ ಸಿಕ್ಕಿತು: "ಇದರಲ್ಲಿ ನೀವಲ್ಲದೆ ಬೇರೆ ಯಾರ ಕೈ ಇದೆ?" ಟೈಲರ್, ಅಮ್ಮ, ರೂಮ್‌ಮೇಟ್ ಎಲ್ಲ ಆಗ ಹೊರಗೆ ಬರುತ್ತಾರೆ.

ಈಗ ಆ ಕಲೆಯ ಕಥೆ. ಬದಿಯಡ್ಕ ಕಡೆಯ ಒಬ್ಬ ಹುಡುಗಿ, ಯಾವುದೋ ವಿಡಿಯೋ ಗೇಮಿನ ಯೋಧೆಯ ವೇಷ. ಜಿಮ್ಮಿನಲ್ಲಿ ನೆಲಕ್ಕೆ ಹಾಸುತ್ತಾರಲ್ಲ, ಆ ಇವಿಎ ಫೋಮ್ ಮ್ಯಾಟ್ ಕತ್ತರಿಸಿ ಕವಚ ಮಾಡಿದ್ದಳು. "ಮನೆಯವರ ಸಪೋರ್ಟ್ ಇದೆಯಾ?" ಅಂತ ಕೇಳಿದೆ. "ಹೌದು, ಇದೆ" ಅಂದಳು. ಮುಗಿಯಿತು. ಸುಮ್ನೆ ಮುಂದಿನ ಪ್ರಶ್ನೆ ಹುಡುಕುತ್ತಾ ಇರುವಾಗ ಕವಚದ ಎಡ ಭುಜದ ಮೇಲೆ, ಬಣ್ಣದ ಅಡಿಯಲ್ಲಿ, ದೋಣಿ ಆಕಾರದ ಒಂದು ಸುಟ್ಟ ತಗ್ಗು ಕಾಣಿಸಿತು. ಇದೇನು ಅಂದೆ. ನಕ್ಕುಬಿಟ್ಟಳು. ಫೋಮ್ ಬಾಗಿಸಲು ಬಿಸಿ ಗಾಳಿ ಊದುವ ಹೀಟ್ ಗನ್ ಬೇಕು, ಅವಳ ಹತ್ತಿರ ಇರಲಿಲ್ಲ, ಇಸ್ತ್ರಿ ಪೆಟ್ಟಿಗೆ ಒತ್ತಿದ್ದಾಳೆ. ಫೋಮ್ ಕರಗಿ ಪೆಟ್ಟಿಗೆಯ ತಳಕ್ಕೆ ಅಂಟಿದ್ದು ಗೊತ್ತಾಗಲಿಲ್ಲ. ಮರುದಿನ ಅಪ್ಪ ಮದುವೆಗೆ ಹೊರಟವರು ಬಿಳಿ ಪಂಚೆಗೆ ಇಸ್ತ್ರಿ ಹಾಕಿದರು, ಮೊಣಕಾಲಿನ ಹತ್ತಿರ ಅಂಗೈ ಅಗಲದ ಕಪ್ಪು ಕಲೆ. ಎರಡು ದಿನ ಮಾತಿಲ್ಲ. ಮೂರನೇ ದಿನ ಪರಿಚಯದ ಮೆಕ್ಯಾನಿಕ್ ಹತ್ತಿರ ಹೀಟ್ ಗನ್ ಕೇಳಿ ತಂದು, ಏನೂ ಹೇಳದೆ ಅವಳ ಮೇಜಿನ ಮೇಲೆ ಇಟ್ಟು ಹೋದರಂತೆ. ಸಪೋರ್ಟ್ ಇದೆಯಾ ಅನ್ನೋದಕ್ಕೆ ಉತ್ತರ ಅದು, ಅಲ್ವಾ?

ಹಾಗಾಗಿ "ಯಾಕೆ" ಬಿಟ್ಟು "ಇದೇನು, ಇದನ್ನು ಹೇಗೆ ಮಾಡಿದಿರಿ" ಅಂತ ಕೇಳಿ. ಯಾವ ಭಾಗ ಎರಡು ಸಲ ಹಾಳಾಯಿತು? ಟ್ರೈನಿನಲ್ಲಿ ಇದನ್ನೆಲ್ಲ ಹೇಗೆ ಒಯ್ದಿರಿ? ಕಾಸ್‌ಪ್ಲೇಯವರೆಲ್ಲ ಸೇರುವ ಕಾಮಿಕ್ಸ್ ಮೇಳ, ಬೆಂಗಳೂರಿನ ಕಾಮಿಕ್ ಕಾನ್, 2012ರಿಂದ ನಡೆಯುತ್ತಿದೆ, ಆದರೆ ನಮ್ಮೂರಿನವರಿಗೆ ಅದು ಒಂದು ರಾತ್ರಿಯ ಪ್ರಯಾಣ. ರೆಕ್ಕೆ, ಖಡ್ಗ ಹಿಡಿದು ಸ್ಲೀಪರ್ ಬೋಗಿ ಹತ್ತಿದವರ ಹತ್ತಿರ ಕಥೆ ಇಲ್ಲದೆ ಇರಲು ಸಾಧ್ಯವೇ ಇಲ್ಲ. ದುಡ್ಡಿನ ವಿಷಯ ಕೊನೆಗೆ ಕೇಳಿ, ಸಲುಗೆ ಬಂದ ಮೇಲೆ. ಬಣ್ಣ, ದಪ್ಪ, ಎತ್ತರ ಹಿಡಿದು "ಈ ಪಾತ್ರ ನಿಮಗೆ ಹೊಂದುತ್ತಾ?" ಅಂತ ಮಾತ್ರ ಕೇಳಬೇಡಿ. ಅದನ್ನು ಅವರಿಗೆ ಇನ್‌ಸ್ಟಾಗ್ರಾಮಿನಲ್ಲಿ ದಿನಾ ಕೇಳುವವರು ಇದ್ದಾರೆ.

ಕಾಸರಗೋಡಿನಲ್ಲಿ ಈ ಚಿತ್ರ ತೆಗೆದರೆ ಯಕ್ಷಗಾನ ತರಬೇಕು ಅನ್ನುವ ಆಸೆ ಬರುತ್ತದೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲೇ ಇದೆ. ತನ್ನಿ. ಆದರೆ "ಇದೂ ಯಕ್ಷಗಾನದ ಹಾಗೆಯೇ ಅಲ್ವಾ?" ಅಂತ ಉತ್ತರವನ್ನು ನೀವೇ ಬಾಯಿಗೆ ಹಾಕಬೇಡಿ. ಚಿಕ್ಕಂದಿನಲ್ಲಿ ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಹೋಗಿದ್ದಿರಾ, ರಾಕ್ಷಸ ಪಾತ್ರದ ಬಣ್ಣದ ವೇಷದವರು ಮುಖಕ್ಕೆ ಚಿಟ್ಟಿ (ಅಕ್ಕಿ ಹಿಟ್ಟಿನ ಬಿಳಿ ಚುಕ್ಕೆ) ಇಡುವುದನ್ನು ಎಲ್ಲಿ ಕೂತು ನೋಡಿದಿರಿ ಅಂತ ಕೇಳಿ. ನೋಡಿದವರು ಹೇಳುತ್ತಾರೆ, ನೋಡದವರು ಇಲ್ಲ ಅನ್ನುತ್ತಾರೆ, ಎರಡೂ ಸರಿ. ತೆಯ್ಯಂ, ಭೂತದ ಕೋಲ ಮಾತ್ರ ಈ ಹೋಲಿಕೆಗೆ ಎಳೆಯಬೇಡಿ. ನಂಬುವವರಿಗೆ ಅಲ್ಲಿ ಬಂದಿರುವುದು ದೈವ, ವೇಷ ಅಲ್ಲ.

ಭಾಷೆಯಲ್ಲೂ ನಾನು ಎಡವಿದ್ದೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಮಾತಾಡುವ ಹುಡುಗ ಕ್ಯಾಮೆರಾ ಆನ್ ಆದ ತಕ್ಷಣ ಪಠ್ಯಪುಸ್ತಕದ ಕನ್ನಡ ಶುರು ಮಾಡಿದ, ನಾನೂ ತಡೆಯಲಿಲ್ಲ. ಅವರ ಭಾಷೆಯಲ್ಲೇ ಬಿಡಿ, ಸಬ್‌ಟೈಟಲ್ ಹಾಕಿದರಾಯಿತು. ನಿಮ್ಮ ಧ್ವನಿ ಎಡಿಟಿಂಗ್‌ನಲ್ಲಿ ಹೋಗುತ್ತದೆ, ಹಾಗಾಗಿ ಉತ್ತರದೊಳಗೆ ಪ್ರಶ್ನೆಯನ್ನೂ ಸೇರಿಸಿ ಹೇಳಲು ಮೊದಲೇ ತಿಳಿಸಿ. ಕಾಲರ್ ಮೈಕನ್ನು ಫೋಮ್ ಕವಚಕ್ಕೆ ಸಿಕ್ಕಿಸಬೇಡಿ, ಉಸಿರು ಬಿಟ್ಟಾಗಲೆಲ್ಲ ಕಿರ್ ಅನ್ನುತ್ತದೆ. ನನ್ನ ಎರಡು ಸಂದರ್ಶನ ಹಾಗೇ ಹಾಳಾದವು. ಒಪ್ಪಿಗೆ ಬರವಣಿಗೆಯಲ್ಲಿ ಇರಲಿ, ಹದಿನೆಂಟು ಆಗದವರಾದರೆ ಅಪ್ಪ ಅಮ್ಮನ ಸಹಿ.

ಪ್ರಶ್ನೆಗಳನ್ನು ಪೂರ್ತಿ ಮೊದಲೇ ಕಳಿಸಬೇಡಿ, ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಯಾವ ವಿಷಯ ಅಂತ ಹೇಳಿದರೆ ಸಾಕು, ಜೊತೆಗೆ ಕೆಟ್ಟುಹೋದ ಹಳೆಯ ತುಂಡುಗಳೂ ಇದ್ದರೆ ತರಲು ಹೇಳಿ. ಹೊಸ ಪಟ್ಟಿ ಆದ ಮೇಲೆ ಇಲ್ಲೇ ಹಾಕಿ, ನೋಡುತ್ತೇನೆ. ಹತ್ತು ದಾಟಬಾರದು.